ಹೆಣ್ಣಿನ ಕಡೆಯವರ ವರದಿ

ಸಮಾಜಸೇವೆಯ ಕೆಲಸಕ್ಕೆ ಸೇರುವವರು ಇನ್ನೊಬ್ಬರ ಕಣ್ಣೀರು ಒರೆಸುವ ತಯಾರಿಯಲ್ಲಿ ಬರುತ್ತಾರೆ. ನಾನೂ ಹಾಗೇ ಬಂದೆ. ಬಂದ ಮೇಲೆ ಗೊತ್ತಾದದ್ದು ಬೇರೆ. ದಿನದ ಅರ್ಧ ಹೊತ್ತು ಬರೆಯುವುದರಲ್ಲೇ ಹೋಗುತ್ತದೆ, ಮತ್ತು ಬರೆಯಲು ಕೂತವರ ಮುಂದೆ ನಗುವಂಥ ಪ್ರಸಂಗಗಳು ಕರೆಯದೇ ಬಂದು ಕೂಡುತ್ತವೆ. ಇವತ್ತಿಗೂ ಬರುತ್ತಿವೆ. ಆದರೆ ಮೊದಲ ವರ್ಷದವುಗಳ ರುಚಿಯೇ ಬೇರೆ.

ಎಂಬತ್ತರ ದಶಕದ ಕೊನೆಯ ಮಾತು. ಅಥಣಿಯ ಹುಡುಗಿ ನಾನು, ಧಾರವಾಡದಲ್ಲಿ ಸಮಾಜಕಾರ್ಯ ಓದಿ, ನಿಪ್ಪಾಣಿಯ ಒಂದು ಅನಾಥ ಮಕ್ಕಳ ಮನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಊರ ತುಂಬ ತಂಬಾಕಿನ ಘಾಟು. ಮೊದಲ ತಿಂಗಳು ಸೀನುತ್ತಲೇ ಕೆಲಸ ಮಾಡಿದೆ. ಆ ಮನೆಯನ್ನು ನಡೆಸುತ್ತಿದ್ದವರು ಕೊಲ್ಹಾಪುರದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಅವರ ಕನ್ನಡದಲ್ಲಿ ಮರಾಠಿ ಇತ್ತು, ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇತ್ತು.

ಅವರು ನನಗೆ ಒಪ್ಪಿಸಿದ ಮೊದಲ ಕೆಲಸ ಒಂದು ವರದಿ. ನಮ್ಮಲ್ಲಿ ಮೂರು ದಾಟಿದ ಒಂದು ಹೆಣ್ಣು ಮಗು ಇತ್ತು. ಎತ್ತಿಕೊಂಡವರನ್ನೆಲ್ಲ ಕಚ್ಚುತ್ತಿತ್ತು. ದತ್ತು ಕೇಳಿ ಬಂದ ಎರಡು ಕುಟುಂಬದವರು ಕಚ್ಚಿಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಜುಗೂಳದ ಒಬ್ಬ ರೈತ ಮತ್ತು ಅವನ ಹೆಂಡತಿ ಕೇಳಿದ್ದರು. ಅವರ ಮನೆ ನೋಡಿ ನಾನು ವರದಿ ಬರೆಯಬೇಕು, ವರದಿ ನೋಡಿ ಕೋರ್ಟು ಹೂಂ ಅನ್ನಬೇಕು. ಅನ್ನದಿದ್ದರೆ ಮಗುವನ್ನು ದೂರದ ದೊಡ್ಡ ನಿಲಯಕ್ಕೆ ಕಳಿಸಬೇಕಾಗಿತ್ತು, ಏಕೆಂದರೆ ನಾಲ್ಕು ತುಂಬಿದ ಮಕ್ಕಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಅಷ್ಟು ದೊಡ್ಡ ಮಕ್ಕಳನ್ನು ಅಲ್ಲಿ ಯಾರೂ ಬಂದು ಕೇಳುವುದಿಲ್ಲ ಎಂದು ಬಾಯಾರು ಹೇಳಿದ್ದರು.

ಒಂಬತ್ತನೇ ಪುಟ

ಕಾಲೇಜಿನಲ್ಲಿ ನನ್ನ ಪ್ರಬಂಧಗಳಿಗೆ ಹೆಸರಿತ್ತು. ಪ್ರಾಧ್ಯಾಪಕರು ಅವನ್ನು ಉಳಿದವರಿಗೆ ಓದಿ ತೋರಿಸುತ್ತಿದ್ದರು. ಹಾಗಾಗಿ "ಅರ್ಜಿ ನೋಡಿ ಒಂದು ಕಚ್ಚಾ ವರದಿ ಬರಿ, ನಿನ್ನ ಕೈ ಹ್ಯಾಂಗ ಐತಿ ನೋಡೂಣು" ಎಂದು ಬಾಯಾರು ಅಂದಾಗ ನನಗೆ ಭಯವೇನೂ ಆಗಲಿಲ್ಲ, ಸಂತೋಷವೇ ಆಯಿತು.

ಬರೆದೆ. "ಮಾನವ ನಾಗರಿಕತೆಯ ಉದಯಕಾಲದಿಂದಲೂ ಕುಟುಂಬವೆಂಬ ಸಂಸ್ಥೆಯು" ಎಂದು ಶುರು ಮಾಡಿ, ಪ್ರಾಚೀನ ಭಾರತವನ್ನು ಹಾದು, ಕೈಗಾರಿಕೀಕರಣದ ದುಷ್ಪರಿಣಾಮಗಳನ್ನು ವಿವರಿಸಿ, ಪಾಶ್ಚಾತ್ಯ ವಿದ್ವಾಂಸರ ಅಭಿಪ್ರಾಯಗಳಿಗೆ ಉತ್ತರ ಕೊಟ್ಟು, ಅಡಿಟಿಪ್ಪಣಿ ಹಾಕಿ, ದಾರ ಕಟ್ಟಿ ಒಪ್ಪಿಸಿದೆ.

ಬಾಯಾರು ಚಾ ಕುಡಿಯುತ್ತ ಓದಿದರು. ಬಸಿ ಬರಿದಾಯಿತು, ಕಪ್ಪೂ ಬರಿದಾಯಿತು, ಅವರು ಪುಟ ತಿರುಗಿಸುತ್ತಲೇ ಇದ್ದರು. ಕೊನೆಗೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಪೋರಿ, ಇದರಾಗ ಕೂಸು ಎಲ್ಲಿ ಐತಿ?"

"ಒಂಬತ್ತನೇ ಪುಟದಾಗ ಬರ್ತೈತ್ರಿ."

"ಅಲ್ಲೀತನಕ ಅದಕ್ಕ ಊಟಾ ಹಾಕೋರು ಯಾರು?"

ಸದರಿ

ಸರಿ, ಪ್ರಬಂಧ ಬೇಡ ಎಂದಾಯಿತು. ವರದಿ ಹೇಗಿರುತ್ತದೆ ಎಂದು ತಿಳಿಯಲು ಕಪಾಟಿನಲ್ಲಿದ್ದ ಹಳೆಯ ಕಡತಗಳನ್ನೆಲ್ಲ ತೆಗೆದು ಓದಿದೆ. ಕಚೇರಿಯಿಂದ ಬಂದವು, ಕೋರ್ಟಿನಿಂದ ಬಂದವು, ತಾಲೂಕಿನಿಂದ ಬಂದವು. ಎಲ್ಲದರಲ್ಲೂ ಒಂದು ಗತ್ತಿತ್ತು. ಯಾರೂ ಬರುವುದಿಲ್ಲ, ಆಗಮಿಸುತ್ತಾರೆ. ಯಾರೂ ಹೇಳುವುದಿಲ್ಲ, ನಿವೇದಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು "ಸದರಿ" ಎಂಬ ಮಾತು. ಯಾವ ಹೆಸರಿನ ಹಿಂದೆ ಹಚ್ಚಿದರೂ ಅದಕ್ಕೊಂದು ಸರಕಾರಿ ಕಳೆ ಬರುತ್ತಿತ್ತು.

ಹಚ್ಚಿದೆ. ಸದರಿ ಅರ್ಜಿದಾರರು, ಸದರಿಯವರ ಧರ್ಮಪತ್ನಿ, ಸದರಿ ಮಗು. ಅರ್ಜಿಯಲ್ಲಿ ಅವರು ತಮಗೊಂದು ಎಮ್ಮೆ ಇದೆ ಎಂದು ಬರೆದಿದ್ದರು. ನಾನು "ಸದರಿ ಎಮ್ಮೆಯು ಹಾಲು ಕೊಡುತ್ತಿರುವುದಾಗಿ ತಿಳಿದುಬಂದಿರುತ್ತದೆ" ಎಂದು ಬರೆದೆ. ಎರಡನೇ ಕರಡನ್ನು ಬಾಯಾರ ಮೇಜಿನ ಮೇಲಿಟ್ಟು, ಇದಕ್ಕೆ ಏನೂ ಅನ್ನಲು ಸಾಧ್ಯವಿಲ್ಲ ಎಂದುಕೊಂಡೆ.

ಅವರು ಏನೂ ಅನ್ನಲಿಲ್ಲ. ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಕೇಳಿದರು.

"ಸದರಿ ಶೇಂಗಾ ಚಟ್ನಿ ಈ ಕಡೆ ಆಗಮಿಸಬಹುದೇನು?"

ಅಡುಗೆಯವಳಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಒಂದು ತಿಂಗಳು ಚಟ್ನಿಯನ್ನು ಹಾಗೇ ಕರೆದರು.

ಖಾಸಗಿ

ಆಮೇಲೆ ಬಾಯಾರು ನನ್ನನ್ನು ಕೂಡ್ರಿಸಿಕೊಂಡು ಒಂದು ಮಾತು ಹೇಳಿದರು. "ಕಂಡದ್ದು ಬರಿ, ಕೇಳಿದ್ದು ಬರಿ. ನಿನಗ ಅನಿಸಿದ್ದು ನಿನ್ನ ಹಂತ್ಯಾಕ ಇಟ್ಕೊ." ಇಷ್ಟೇನಾ ಎಂದುಕೊಂಡೆ. ಇಷ್ಟರಲ್ಲೇ ಎಲ್ಲ ಇದೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಜುಗೂಳದವರಿಗೆ ಮೊದಲೇ ಒಂದು ಕಾರ್ಡು ಹಾಕಿದೆ. "ಹೆಣ್ಣು ಮಗುವಿನ ವಿಷಯವಾಗಿ ತಮ್ಮ ಮನೆ ನೋಡಲು ಬರುತ್ತಿದ್ದೇನೆ" ಎಂದು ದಿನ ತಿಳಿಸಿದೆ. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ಕಾಗವಾಡ, ಅಲ್ಲಿಂದ ಜುಗೂಳ. ಬಸ್ಸು ಬದಲಿಸಿ ಬದಲಿಸಿ ಹೋಗುವಷ್ಟರಲ್ಲಿ ನನ್ನ ಸೀರೆಯ ಇಸ್ತ್ರಿಯೂ ಹೋಗಿತ್ತು, ಕಾಲೇಜಿನ ಗತ್ತೂ ಹೋಗಿತ್ತು.

ಮನೆ ನೋಡಿ ದಂಗಾದೆ. ಬಾಗಿಲಲ್ಲಿ ದೊಡ್ಡ ರಂಗೋಲಿ. ಪಡಸಾಲೆಯ ತುಂಬ ಜಮಖಾನೆ, ಲೋಡು, ಎರಡು ಮಂಚ. ಗೋಡೆಗೆ ಗಡಿಯಾರ, ಮೂಲೆಯಲ್ಲಿ ರೇಡಿಯೋ, ಹೊಲಿಗೆ ಮಷೀನು, ಬೆಳಗಿ ಸಾಲಾಗಿ ಇಟ್ಟ ಹಿತ್ತಾಳೆ ಕೊಡಗಳು. ಒಂದು ಟೇಬಲ್ ಫ್ಯಾನು ನನಗೊಬ್ಬಳಿಗೇ ಗಾಳಿ ಬೀಸುತ್ತಿತ್ತು. ಕಂಡದ್ದನ್ನು ಬರಿ ಎಂದಿದ್ದರಲ್ಲ, ಒಂದನ್ನೂ ಬಿಡದೆ ಬರೆದುಕೊಂಡೆ. ಗಂಡ ಎತ್ತರದ ಮನುಷ್ಯ, ಮಾತು ಕಡಿಮೆ. ಹೆಂಡತಿ ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳು. ಇವರಿಬ್ಬರ ಸುತ್ತ ಇಡೀ ಓಣಿ ಕೂತಿತ್ತು. ಓಣಿಯ ಮುಂದಾಳು ಎದುರು ಮನೆಯ ಮುದುಕಿ. ಆಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು.

ನಾನು ಹೆಂಡತಿಯನ್ನು ಕೇಳಿದೆ. "ಅಕ್ಕಾರ, ನಿಮಗ ಸಿಟ್ಟು ಬಂದ್ರ ಏನ್ ಮಾಡ್ತೀರಿ?"

ಆಯಿ ಉತ್ತರ ಕೊಟ್ಟಳು. "ಅಕಿ ಸಿಟ್ಟಾಗೂದ ಇಲ್ರಿ."

ಬಾಗಿಲ ಹತ್ತಿರ ಕೂತಿದ್ದವನೊಬ್ಬ ತಿದ್ದಿದ. "ಆಗ್ತಾಳ್ರಿ. ಆದ್ರ ನಾವು ಜೈನರು, ಹೊತ್ತು ಮುಳುಗೂದ್ರಾಗ ಉಣಬೇಕಲ್ರಿ. ಅಷ್ಟರಾಗ ಇಳದಿರ್ತೈತಿ."

ಯಾವ ಪ್ರಶ್ನೆ ಕೇಳಿದರೂ ಉತ್ತರ ಸುತ್ತಲಿಂದಲೇ ಬರುತ್ತಿತ್ತು. ಗುಟ್ಟು ಕಾಯುವುದರ ಮೇಲೆ ನಾನು ಕಾಲೇಜಿನಲ್ಲಿ ಒಂದಿಡೀ ಪತ್ರಿಕೆ ಬರೆದು ಪಾಸಾದವಳು. ಕೊನೆಗೆ ಧೈರ್ಯ ಮಾಡಿ ಹೇಳಿದೆ. "ಆಯಿ, ನಾ ಇವರ ಜೋಡಿ ಸ್ವಲ್ಪ ಖಾಸಗಿ ಮಾತಾಡಬೇಕ್ರಿ."

"ಖರೇ ಐತ್ರಿ, ಮಾತಾಡಬೇಕ" ಎಂದು ಆಯಿ ತಲೆ ಆಡಿಸಿದಳು. ಆಮೇಲೆ ಬಾಗಿಲ ಕಡೆ ಕೈ ಬೀಸಿ ಕೂಗಿದಳು. "ಏ, ಬಾಜೂ ಓಣಿಯವರು ಏಳ್ರಿ ಮ್ಯಾಲ. ಖಾಸಗಿ ಅಂದ್ರ ನಾವಷ್ಟ ಇರೂದು."

ಹುಡುಗಿಯ ಹಿರಿಯರು

ನನ್ನ ಪ್ರಶ್ನೆ ಮುಗಿದ ಮೇಲೆ ಆಯಿಯ ಪ್ರಶ್ನೆಗಳು ಶುರುವಾದವು. ಹುಡುಗಿ ಬಣ್ಣ ಹ್ಯಾಂಗ, ಗುಣ ಹ್ಯಾಂಗ, ಹಸಿವು ತಡೀತಾಳೋ ಇಲ್ಲೋ, ನಿಮ್ಮ ಕಡೆಯಿಂದ ಎಷ್ಟು ಮಂದಿ ಬರ್ತೀರಿ, ಎಲ್ಲರೂ ಹೊತ್ತಿನ್ಯಾಗ ಉಣ್ಣೋರೋ ಹ್ಯಾಂಗ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಸಂದರ್ಶನದಲ್ಲಿ ಎದುರಿನವರಿಗೂ ಪ್ರಶ್ನೆ ಕೇಳುವ ಅವಕಾಶ ಕೊಡಬೇಕು ಎಂದು ಪುಸ್ತಕದಲ್ಲಿ ಓದಿದ್ದೆ.

ನಡುವೆ ಉಪ್ಪಿಟ್ಟು ಬಂತು, ಶೇಂಗಾ ಹೋಳಿಗೆ ಬಂತು, ಕೆನೆ ಕಟ್ಟಿದ ಚಾ ಬಂತು. ಹೊರಡುವಾಗ ನನ್ನನ್ನು ಮಣೆ ಮೇಲೆ ಕೂಡ್ರಿಸಿ, ಕುಂಕುಮ ಹಚ್ಚಿ, ಖಣ ಇಟ್ಟು ಉಡಿ ತುಂಬಿದರು. ಯಾಕೆ ಎಂದು ತಿಳಿಯಲಿಲ್ಲ. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ, ನಾಚಿಕೆಯಾಯಿತು.

"ಹಂಗಾದ್ರ ಮಾತು ಪಕ್ಕಾ ಅನ್ನೂಣೇನ್ರಿ?" ಎಂದು ಆಯಿ ಕೇಳಿದಳು.

"ನನ್ನ ಕೈಯಾಗಿಲ್ರಿ ಆಯಿ. ಮೊದಲು ನಮ್ಮ ಬಾಯಾರು ನೋಡಬೇಕು. ಆಮ್ಯಾಲ ಕಮಿಟಿಯವರು ನೋಡ್ತಾರು. ಅದಾದ ಮ್ಯಾಲ ವಕೀಲರು. ಕಡೀಕ ಕೋರ್ಟಿನ ಸಾಹೇಬರು ಒಪ್ಪಬೇಕು."

ಆಯಿ ಗಂಡ ಹೆಂಡತಿಯ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ಹುಡುಗಿಗಿ ಹಿರೇರು ಯಾರೂ ಇಲ್ಲ ಅಂದಿದ್ರಿ. ಇಷ್ಟ ಮಂದಿ ಅದಾರಲ್ಲ."

ಪಂಚನಾಮೆ

ಎರಡನೇ ಸಲ ಹೇಳದೆ ಕೇಳದೆ ಹೋಗಬೇಕು, ಅದು ಬಾಯಾರ ಕಟ್ಟಪ್ಪಣೆ. ಹೋದೆ. ಅದೇ ಓಣಿ, ಅದೇ ಬಾಗಿಲು, ಅದೇ ಗಂಡ ಹೆಂಡತಿ. ಒಳಗೆ ಕಾಲಿಟ್ಟರೆ ಮನೆ ಬಟಾ ಬಯಲು. ಜಮಖಾನೆ ಇಲ್ಲ, ಲೋಡಿಲ್ಲ, ರೇಡಿಯೋ ಇಲ್ಲ, ಮಷೀನಿಲ್ಲ. ಗಡಿಯಾರವಿದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಒಂದು ಹಳೆಯ ಮಂಚದ ಮೇಲೆ ನನ್ನನ್ನು ಕೂಡ್ರಿಸಿ ಗಂಡ ಬೀಸಣಿಕೆಯಿಂದ ಗಾಳಿ ಹಾಕಿದ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರದಿಂದ ಬಂದವಳ ಕಣ್ಣಿಗೆ ಮಣ್ಣೆರಚಿದರಲ್ಲ ಎನಿಸಿತು. ಏನೂ ಕೇಳಲಿಲ್ಲ, ಕೊಟ್ಟ ಚಾ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಇದ್ದದ್ದನ್ನು, ಅಂದರೆ ಇಲ್ಲದ್ದನ್ನೆಲ್ಲ, ಒಂದೊಂದಾಗಿ ಬರೆದೆ.

ಬಾಯಾರು ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು. "ಇದರಾಗ ಫ್ಯಾನ್ ಐತಿ. ಇದರಾಗ ಇಲ್ಲ. ಇದರಾಗ ಗಡಿಯಾರ ಐತಿ. ಇದರಾಗ ಇಲ್ಲ. ಎರಡು ಮಂಚ ಇದ್ದದ್ದು ಒಂದ ಆಗೇತಿ." ಆಮೇಲೆ ತಲೆ ಎತ್ತಿದರು.

"ಇದು ಗೃಹಭೇಟಿ ವರದಿನೋ, ಕಳವಿನ ಪಂಚನಾಮೆನೋ?"

ಬಾಜೂ ಮನೆಯ ಸೀರೆ

ನಗಿಸಿದರು ನಿಜ, ಆದರೆ ಅವರು ನಗುತ್ತಿರಲಿಲ್ಲ. ಇದು ಹೀಗೇ ಕೋರ್ಟಿಗೆ ಹೋದರೆ ಅರ್ಜಿ ಬಿದ್ದಂತೆ. ಸುಳ್ಳು ತೋರಿಸಿದವರಿಗೆ ಯಾವ ನ್ಯಾಯಾಧೀಶರು ಮಗು ಕೊಡುತ್ತಾರೆ? ಕಮಿಟಿಯ ಹಿರಿಯರೊಬ್ಬರು ಆಗಲೇ ದೂರದ ನಿಲಯಕ್ಕೆ ಪತ್ರ ಬರೆಯುವ ಮಾತಾಡಿದ್ದರು. ಆ ಸಂಜೆ ಮಗು ಅಂಗಳದಲ್ಲಿ ಒಂಟಿಯಾಗಿ ಕೂತು ಒಂದು ಚಪ್ಪಲಿಗೆ ಇನ್ನೊಂದು ಚಪ್ಪಲಿಯಿಂದ ಹೊಡೆಯುತ್ತಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿದು ಭಯ ಶುರುವಾಯಿತು.

"ಸಾಮಾನು ಯಾಕ ಹೋತು ಅಂತ ಅವರನ್ನ ಕೇಳಿದೇನು?" ಎಂದರು ಬಾಯಾರು.

"ಇಲ್ರಿ."

"ಹಂಗಾದ್ರ ನಿನ್ನ ವರದಿ ಅರ್ಧ ಆಗೇತಿ. ಕಂಡದ್ದು ಬರದಿ, ಕೇಳಿದ್ದು ಎಲ್ಲಿ?"

ಮೂರನೇ ಸಲ ಜುಗೂಳಕ್ಕೆ ಹೋಗಿ, ಈ ಸಲ ನೇರ ಎದುರು ಮನೆಗೇ ನುಗ್ಗಿದೆ. ನಾನು ಬರೆದುಕೊಂಡಿದ್ದ ಗಡಿಯಾರ ಅಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಆಯಿ ಒಂದಿಷ್ಟೂ ಅಂಜಲಿಲ್ಲ.

"ಹೌದ್ರಿ, ನಂದ ಅದು. ಫ್ಯಾನ್ ಹಿತ್ತಲ ಮನೀದು. ಮಷೀನ್ ಮೂಲಿ ಮನಿ ಸೊಸೀದು. ಹೆಣ್ಣಿನ ಕಡ್ಯಾವ್ರು ಮನಿ ನೋಡಾಕ ಬರೂ ದಿನ ಓಣಿಯವರು ಸಾಮಾನು ಕೊಡೂದು ನಮ್ಮಲ್ಲಿ ಪದ್ಧತಿ ಐತ್ರಿ. ನೀವ ಕಾರ್ಡ್ ಹಾಕಿದ್ರಲ್ಲ, ಹೆಣ್ಣಿನ ವಿಷಯ, ಮನಿ ನೋಡಾಕ ಬರ್ತೇವಿ ಅಂತ."

ಆಗ ನನಗೆ ಉಡಿ ತುಂಬಿದ್ದು ಯಾಕೆ ಎಂದು ಹೊಳೆಯಿತು. ಜುಗೂಳದ ಲೆಕ್ಕದಲ್ಲಿ ನಾನು ಅಧಿಕಾರಿಯಾಗಿರಲಿಲ್ಲ, ಬೀಗಿತ್ತಿಯಾಗುವವಳಾಗಿದ್ದೆ. ಒಂದು ಹೆಣ್ಣು ಮಗು ಒಂದು ಮನೆಗೆ ಹೋಗಬೇಕಾದರೆ ಏನೇನು ನಡೆಯಬೇಕೋ ಅದನ್ನೇ ಅವರು ನಡೆಸಿದ್ದರು. ಬೇರೆ ಯಾವ ವಿಧಾನವೂ ಅವರಿಗೆ ಗೊತ್ತಿರಲಿಲ್ಲ.

ಗಂಡ ಹಿಂದೆ ಬಂದು ನಿಂತಿದ್ದ. ಅವತ್ತು ಅವನು ಆಡಿದ ಮಾತು ಇಷ್ಟೇ. "ನಿಮಗ ಮೋಸ ಮಾಡೂ ವಿಚಾರ ಇರಲಿಲ್ರಿ. ಬ್ಯಾಡ ಅಂದಿದ್ರ ಓಣಿಯವರು ಬ್ಯಾಸರ ಮಾಡ್ಕೋತಿದ್ರು."

"ಅಲ್ರಿ ಆಯಿ, ಮದುವಿ ಆದ ಮ್ಯಾಲ ಹೆಣ್ಣಿನ ಕಡ್ಯಾವ್ರಿಗೆ ಗೊತ್ತಾಗೂದಿಲ್ಲೇನು?" ಎಂದೆ.

"ಮೊದಲ ಗೊತ್ತಿರ್ತೈತ್ರಿ. ಅವರು ಮನಿ ನೋಡಾಕ ಉಟ್ಟು ಬಂದಿರೂ ಸೀರಿನೂ ಬಾಜೂ ಮನೀದ ಇರ್ತೈತಿ."

ಹೊಗಳಿಕೆ

ಬಸ್ಸಿನಲ್ಲಿ ಬರುವಾಗ ಮನಸ್ಸು ತುಂಬಿ ಬಂದಿತ್ತು. ಹೊಸ ವರದಿ ಬರೆದೆ. ಪಾಪ ಎನಿಸಿದ್ದನ್ನೆಲ್ಲ ಅದರಲ್ಲಿ ಸುರಿದೆ. ಅರ್ಜಿದಾರರು ಅತ್ಯಂತ ಪ್ರಾಮಾಣಿಕರು, ಸುಸಂಸ್ಕೃತರು, ವಾತ್ಸಲ್ಯದ ಮೂರ್ತಿಗಳು, ಇಂಥ ನೆರೆಹೊರೆ ಲೋಕದಲ್ಲೇ ದುರ್ಲಭ.

ಬಾಯಾರ ಪೆನ್ಸಿಲ್ ಒಂದೊಂದೇ ಮಾತಿನ ಮೇಲೆ ಹಾದುಹೋಯಿತು. ಪ್ರಾಮಾಣಿಕ ಹೋಯಿತು, ಸುಸಂಸ್ಕೃತ ಹೋಯಿತು, ಮೂರ್ತಿಗಳೂ ಹೋದವು. ನನಗ್ಯಾಕೋ ಜುಗೂಳದ ಆ ಖಾಲಿ ಪಡಸಾಲೆ ನೆನಪಾಯಿತು.

"ಇವೆಲ್ಲ ಖರೇನ ಅದಾವಲ್ರಿ ಬಾಯಾರ" ಎಂದೆ, ಸ್ವಲ್ಪ ಅಳುಮುಖ ಮಾಡಿ.

"ಖರೇ ಇರಬಹುದು. ಆದ್ರ ಅದನ್ನ ಸಾಹೇಬ್ರು ಅನ್ನಬೇಕು, ನೀ ಅಲ್ಲ. ಅವರಿಗೆ ಅನಿಸೂವಂಗ ನಡೆದದ್ದನ್ನ ಬರಿ."

ಬರೆದೆ. ಮೊದಲ ದಿನ ಏನು ಕಂಡೆ, ಎರಡನೇ ದಿನ ಏನು ಕಾಣಲಿಲ್ಲ, ಮೂರನೇ ದಿನ ಯಾರು ಏನು ಹೇಳಿದರು. ಗಡಿಯಾರ ಯಾವ ಮನೆಯದು, ಫ್ಯಾನು ಯಾವ ಮನೆಯದು, ಯಾಕೆ ತಂದಿದ್ದರು. ಅವರದೇ ಆದದ್ದು ಏನು: ಒಂದು ಮಂಚ, ಒಂದು ಎಮ್ಮೆ, ಹೊಳೆ ದಂಡೆಗೆ ಸ್ವಲ್ಪ ಹೊಲ. ಓದಿ ನೋಡಿದರೆ ನನಗೇ ಆಶ್ಚರ್ಯ. ಹೊಗಳಿಕೆಯ ಒಂದು ಮಾತೂ ಇರಲಿಲ್ಲ, ಆದರೆ ಓದಿದವರಿಗೆ ಆ ಓಣಿಯಲ್ಲಿ ಒಂದು ದಿನ ಇದ್ದು ಬರಬೇಕು ಅನಿಸುತ್ತಿತ್ತು. ಬರೆಯುವುದು ಎಂದರೆ ಏನೆಂದು ನಾನು ಕಲಿತದ್ದು ಅವತ್ತು. ಧಾರವಾಡದಲ್ಲಿ ಕಲಿತದ್ದು ಪಾಸಾಗುವುದನ್ನು.

ಒಂದೇ ಒಂದು ಕಡೆ, ಕೊನೆಯಲ್ಲಿ, ಮನಸ್ಸು ತಡೆಯದೆ "ಇಂಥವರು ಸಿಗುವುದು ಪುಣ್ಯ" ಎಂದು ಸೇರಿಸಿದ್ದೆ. ಬಾಯಾರು ಅದನ್ನೂ ಹೊಡೆದು ಹಾಕಿದರು.

"ನೀ ಹೆಣ್ಣಿನ ಕಡ್ಯಾಕಿ. ಗಂಡಿನ ಮನೀನ ಇಷ್ಟ ಹೊಗಳಿದ್ರ ಹುಡುಗ್ಯಾಗ ಏನೋ ಖೋಡಿ ಐತಿ ಅಂತ ಸಾಹೇಬ್ರಿಗೆ ಸಂಶೇ ಬರ್ತೈತಿ."

ಮಗುವಿನ ಆರೋಗ್ಯ

ಹುಡುಗಿಯಲ್ಲಿ ಖೋಡಿ, ಅಂದರೆ ಕುಂದು, ಇತ್ತಲ್ಲ, ಹಲ್ಲು. ಗಂಡ ಹೆಂಡತಿ ಮಗುವನ್ನು ನೋಡಲು ನಿಪ್ಪಾಣಿಗೆ ಬಂದರು. ಇದಕ್ಕೂ ಮೊದಲು ಬಂದವರು ಎಲ್ಲಿಂದ ಎದ್ದು ಹೋಗಿದ್ದರೋ ಆ ಬೆಂಚಿನ ಮೇಲೆಯೇ ಇವರೂ ಕೂತಿದ್ದರು. ಮಗುವಿಗೆ ಎಣ್ಣೆ ಹಚ್ಚಿ ತಲೆ ಬಾಚಿ ತಂದು ಮುಂದೆ ಬಿಟ್ಟೆವು.

ಗಂಡ ಕೈ ಚಾಚಿದ. ಮಗು ಹತ್ತಿರ ಬಂತು, ಆ ಕೈಯನ್ನು ಹಿಡಿದು ನೋಡಿತು, ಆಮೇಲೆ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು. ನಾನು ಕಣ್ಣು ಮುಚ್ಚಿಕೊಂಡೆ. ಕೂಗಾಟ ಕೇಳಲಿಲ್ಲ. ಕಣ್ಣು ತೆರೆದರೆ ಅವನು ಕೈಯನ್ನು ಹಾಗೇ ಬಿಟ್ಟುಕೊಂಡು ಕೂತಿದ್ದಾನೆ. ಮಗುವಿಗೇ ಸಾಕಾಗಿ ಬಿಟ್ಟಿತು. ಬಿಟ್ಟು ಅವನ ಮುಖ ನೋಡಿತು. ಇದಕ್ಕೂ ಮೊದಲು ಯಾರೂ ಇಷ್ಟು ಹೊತ್ತು ಕೈಯನ್ನು ಅದರ ಬಾಯಲ್ಲಿ ಬಿಟ್ಟಿರಲಿಲ್ಲ.

ಅವನು ಕೈಯನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿದ. ಸಂತೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡಿ ಎಮ್ಮೆ ಕೊಳ್ಳುವ ಜನ. "ನೋಡ ಇಲ್ಲೆ. ಹಲ್ಲ ಎಷ್ಟ ಸಾಲಾಗಿ ಬಂದಾವು. ಕಬ್ಬ ಕೊಟ್ರ ತಾನ ಸುಲಕೊಂಡು ತಿಂತಾಳ."

ಹೆಂಡತಿ ಆ ಗುರುತುಗಳನ್ನು ಬೆರಳಿಂದ ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಸಂಜೆ ನಾನು "ಮಗು ಅರ್ಜಿದಾರರಿಗೆ ಉತ್ತಮವಾಗಿ ಪ್ರತಿಕ್ರಿಯಿಸಿತು" ಎಂದು ಬರೆದು ಒಯ್ದೆ. ಬಾಯಾರು ಪೆನ್ಸಿಲ್ ತೆಗೆದರು.

"ಕಚ್ಚಿತು ಅಂತ ಬರಿ. ಅವನು ಕೈ ಹಿಂದಕ್ಕ ತಗೀಲಿಲ್ಲ ಅಂತನೂ ಬರಿ."

"ಕಬ್ಬಿನ ಮಾತು, ಬಾಯಾರ?"

"ಅದನ್ನೂ ಬರಿ."

"ಯಾವ ಶೀರ್ಷಿಕೆ ಕೆಳಗ ಬರೀಲ್ರಿ?"

ಬಾಯಾರು ಪೆನ್ಸಿಲ್ ಕೆಳಗಿಟ್ಟರು. "ಮಗುವಿನ ಆರೋಗ್ಯ."

ಕೋಟು

ಕೋರ್ಟಿನ ದಿನ ಜುಗೂಳದಿಂದ ಬಂದದ್ದು ಗಂಡ ಹೆಂಡತಿ ಇಬ್ಬರೇ ಅಲ್ಲ, ಒಂದು ಟೆಂಪೋ ತುಂಬ ಓಣಿ. ಸಾಹೇಬರು ತಮ್ಮ ಕೋಣೆಯಲ್ಲೇ ವಿಚಾರಣೆ ಇಟ್ಟಿದ್ದರು. ಓಣಿಯವರು ಬಾಗಿಲ ತುಂಬ ನಿಂತರು. ಹೊರಗೆ ಹೋಗಿ ಎಂದು ಪಟ್ಟೇವಾಲ ಹೇಳಿದಾಗಲೆಲ್ಲ ಒಬ್ಬರು ಹೊರಗೆ ಹೋಗಿ ಇನ್ನೊಬ್ಬರು ಒಳಗೆ ಬರುತ್ತಿದ್ದರು.

ಸಾಹೇಬರು ನನ್ನ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ನಡುವೆ ಒಂದು ಸಲ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ವರದಿಯಲ್ಲಿ ಫ್ಯಾನಿನ ಮಾತಿಗೆ ಬಂದರು ಎಂದುಕೊಂಡೆ. ಸುಳ್ಳು ತೋರಿಸಿದರು ಎಂದು ಅವರಿಗನಿಸಿದರೆ ಅಲ್ಲಿಗೆ ಮುಗಿಯಿತು.

ಕೊನೆಗೆ ಅವರು ಗಂಡನನ್ನು ನೋಡಿದರು. ಅವನು ಒಂದು ಕಪ್ಪು ಕೋಟು ತೊಟ್ಟಿದ್ದ. ತೋಳು ಮೊಣಕೈಗಿಂತ ಸ್ವಲ್ಪವೇ ಕೆಳಗೆ ಬಂದಿತ್ತು.

"ಈ ಕೋಟು ನಿಮ್ಮದೇನು?"

ಅವನು ವಕೀಲರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಅಲ್ರೀ ಸಾಹೇಬರ" ಎಂದ.

"ಯಾರದು?"

ಬಾಗಿಲಲ್ಲಿ ನಿಂತ ಗುಂಪಿನಿಂದ ಒಬ್ಬ ಕುಳ್ಳ ಮನುಷ್ಯ ಕೈ ಎತ್ತಿದ.

"ನಂದ್ರೀ ಸಾಹೇಬರ. ಗಡಿಬಿಡಿ ಇಲ್ರಿ, ನಿಮ್ಮ ಕೆಲಸ ಸಾವಕಾಶ ಆಗಲಿ."

ಸಾಹೇಬರು ಕರ್ಚೀಫನ್ನು ಮತ್ತೆ ತೆಗೆದರು. ಒಪ್ಪಿಗೆ ಅವತ್ತೇ ಸಿಕ್ಕಿತು.

ಅನುಸರಣಾ ಭೇಟಿ

ಮಗುವನ್ನು ಕಳಿಸಿದ ಮೇಲೆ ಒಂದಷ್ಟು ದಿನ ಬಿಟ್ಟು ಮತ್ತೆ ಹೋಗಿ ನೋಡಿಬರುವುದು ನಮ್ಮ ಕೆಲಸದ ನಿಯಮ. ಮಗು ಆ ಮನೆಗೆ ಹೊಂದಿಕೊಂಡಿದೆಯೇ, ಮನೆ ಮಗುವಿಗೆ ಹೊಂದಿಕೊಂಡಿದೆಯೇ, ಬರೆಯಬೇಕು. ಹೊಂದಿಕೊಂಡಿಲ್ಲ ಎಂದಾದರೆ ಮಗು ವಾಪಸು ಬರುತ್ತದೆ. ವಾಪಸು ಬಂದ ಮಗುವನ್ನು ಎಲ್ಲಿಗೆ ಕಳಿಸಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮುನ್ಸೂಚನೆ ಕೊಡದೆ ಜುಗೂಳಕ್ಕೆ ಹೋದೆ.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಏನೂ ಇರಲಿಲ್ಲ. ಮಂಚ ಕೂಡ ಇರಲಿಲ್ಲ. ಹೆಂಡತಿ ಒಬ್ಬಳೇ ನೆಲದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗುವಿನ ಸದ್ದಿಲ್ಲ.

"ಕೂಸು ಎಲ್ಲೈತ್ರಿ ಅಕ್ಕಾರ?"

"ಎದುರು ಮನೀಗಿ ಕೊಟ್ಟೇವ್ರಿ" ಎಂದಳು, ಕೈ ನಿಲ್ಲಿಸದೆ.

ಕಚ್ಚಿರಬೇಕು, ಇವರಿಗೂ ಸಾಕಾಗಿರಬೇಕು. ಸಾಹೇಬರು, ಬಾಯಾರು, ದೂರದ ನಿಲಯ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. "ಕೊಟ್ಟೇವಿ ಅಂದ್ರ ಏನ್ರಿ? ಯಾರನ್ನ ಕೇಳಿ ಕೊಟ್ರಿ?" ಎಂದೆ. ನನ್ನ ದನಿ ಓಣಿಗೆಲ್ಲ ಕೇಳುವಂತಿತ್ತು.

ಅವಳು ಶ್ ಎಂದು ಬಾಯಿ ಮೇಲೆ ಬೆರಳಿಟ್ಟಳು. "ಮೆಲ್ಲಕ ಮಾತಾಡ್ರಿ. ಆಯಿ ಮೊಮ್ಮಗಗ ಹೆಣ್ಣಿನ ಕಡ್ಯಾವ್ರು ಮನಿ ನೋಡಾಕ ಬಂದಾರ. ಮನ್ಯಾಗ ಒಂದು ಕೂಸು ಓಡ್ಯಾಡಿದ್ರ ಮನಿ ತುಂಬಿದಂಗ ಕಾಣ್ತೈತಿ, ಇವತ್ತೊಂದಿನ ಕೊಡವ್ವಾ ಅಂತ ಬೆಳಿಗ್ಗಿ ಆಯಿ ಬಂದು ಕೇಳಿದ್ಳು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಎದುರು ಮನೆಯಿಂದ ಯಾವುದೋ ಮಗು ಕಿಲಕಿಲ ನಗುವುದು ಕೇಳುತ್ತಿತ್ತು. ಆ ನಗುವನ್ನು ನಾನು ನಿಪ್ಪಾಣಿಯಲ್ಲಿ ಒಂದು ಸಲವೂ ಕೇಳಿರಲಿಲ್ಲ, ಹಾಗಾಗಿ ಅದು ನಮ್ಮ ಮಗು ಎಂದು ತಿಳಿಯಲು ತಡವಾಯಿತು.

ಅವಳು ಶೇಂಗಾ ಬದಿಗಿಟ್ಟು ಸೆರಗು ಕೊಡವಿಕೊಂಡು ಎದ್ದಳು. "ಲಗ್ನಾ ಆಗಿ ಈ ಓಣಿಗಿ ಬಂದಾಗಿಂದ ನಾವ ಇಸಕೊಳ್ಳೋರ್ರಿ. ಅವರ ಮನಿ ತಾಟ, ಇವರ ಮನಿ ಚಾದರ. ನಮ್ಮ ಹಂತ್ಯಾಕ ಕೇಳಿದ್ರ ಆ ಹಳೇ ಮಂಚ ಒಂದ ಕೇಳ್ತಿದ್ರು, ಅದೂ ಬ್ಯಾರೆ ಕಡೆ ಸಿಗಲಿಲ್ಲಂದ್ರ." ಎದುರು ಮನೆಯ ಕಡೆ ಕೈ ತೋರಿಸಿದಳು. "ಇವತ್ತ ನೋಡ್ರಿ, ಆಯಿ ಮೊದಲ ನಮ್ಮ ಮನೀಗೇ ಬಂದ್ಳು."

ಅವಳು ಒಳಗಿನಿಂದ ಒಂದು ಮಣೆಯನ್ನು ತಂದು ನನ್ನ ಮುಂದೆ ಹಾಕಿದಳು.

"ಕುಂದರ್ರಿ, ಚಾ ಮಾಡ್ತೀನಿ. ಸಂಜೀಕ ಮಂಚದ ಜೋಡಿ ತಿರಿಗಿ ಬರ್ತಾಳ."